ಅಪಘಾತದ ದುರಸ್ತಿಯ ನಂತರವೂ ವಾಹನದಲ್ಲಿ ಉಳಿಯುವ ದೋಷಗಳು

ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಕಣಗಿನಹಾಳದಲ್ಲಿ ನೀಡಿದ ಉಪನ್ಯಾಸದ ಪಠ್ಯ



ಡಿಕ್ಕಿಯಾದ ವಾಹನವು ಗ್ಯಾರೇಜಿನಿಂದ ಮರಳಿದಾಗ ಎಲ್ಲರ ಕಣ್ಣು ಮೊದಲು ಬೀಳುವುದು ಅದರ ಬಣ್ಣದ ಮೇಲೆ. ತಗ್ಗು ಎದ್ದಿದೆ, ದೀಪ ಹೊಸದು, ಬಣ್ಣ ಹೊಂದಿದೆ ಎಂದು ಕಂಡೊಡನೆ ಕಾಗದಕ್ಕೆ ಸಹಿ ಬೀಳುತ್ತದೆ. ಆದರೆ ಡಿಕ್ಕಿಯ ಪೆಟ್ಟು ತಗಡಿನಲ್ಲೇ ನಿಲ್ಲುವುದಿಲ್ಲ. ಅದು ಚಾಸಿ, ಅಚ್ಚು, ಸ್ಟಿಯರಿಂಗಿನ ಸರಳು, ಚಕ್ರದ ಬೇರಿಂಗುಗಳವರೆಗೂ ಇಳಿಯಬಲ್ಲದು. ಹೊರಗಿನ ಗಾಯ ಮಾಯ್ದ ಮೇಲೂ ಒಳಗಿನ ನೋವು ಉಳಿದಂತೆ, ದೋಷವು ವಾರಗಳ ನಂತರ ತಲೆ ಎತ್ತುತ್ತದೆ.

ಇದು ಕಾರುಳ್ಳವರ ಸ್ವಂತ ಚಿಂತೆ ಮಾತ್ರವಲ್ಲ. ರಾಜ್ಯದ ಅನೇಕ ಗ್ರಾಮಗಳಲ್ಲಿ ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿಗಳನ್ನು ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರು ಓಡಿಸುತ್ತಿದ್ದಾರೆ. ಮಕ್ಕಳು ಆಡುವ ಓಣಿಗಳಲ್ಲಿ, ಮನೆ ಮನೆಯ ಮುಂದೆ ನಿಂತು ಸಾಗುವ ವಾಹನಗಳಿವು. ದುರಸ್ತಿಯಾಗಿ ಬಂದ ವಾಹನ ಒಂದು ಬದಿಗೆ ಜಗ್ಗತೊಡಗಿದರೆ ಊರಿನವರ ಬಾಯಿಗೆ ಮೊದಲು ಬರುವ ಮಾತು, ಆಕೆಗೆ ಓಡಿಸಲು ಬರುವುದಿಲ್ಲ ಎಂಬುದು. ಕೂರಿಗೆಯ ಒಂದು ತಾಳಿನಿಂದ ಕಾಳು ಬೀಳದಿದ್ದರೆ, ಬಲ್ಲ ರೈತನು ಬಿತ್ತುವ ಹೆಣ್ಣುಮಗಳನ್ನು ದೂರುವ ಮೊದಲು ಆ ತಾಳಿನ ಬಾಯಿ ಕಟ್ಟಿದೆಯೇ ಎಂದು ನೋಡುತ್ತಾನೆ. ವಾಹನದ ವಿಷಯದಲ್ಲಿಯೂ ಅದೇ ವಿವೇಕ ಬೇಕು.

ದೋಷ ಪತ್ತೆಗೆ ಕೆಲವು ಸರಳ ಪರೀಕ್ಷೆಗಳಿವೆ. ಮೊದಲು ಎಲ್ಲ ಟೈರುಗಳ ಗಾಳಿಯನ್ನು ಸೂಚಿತ ಪ್ರಮಾಣಕ್ಕೆ ತರಬೇಕು. ಬಳಿಕ ಸಮತಟ್ಟಾದ ಖಾಲಿ ಜಾಗದಲ್ಲಿ, ಕಡಿಮೆ ವೇಗದಲ್ಲಿ ಓಡಿಸಿ ನೋಡಬೇಕು. ಬ್ರೇಕ್ ಒತ್ತಿದಾಗ ಮಾತ್ರ ವಾಹನ ಓರೆಯಾದರೆ ಸಂಶಯ ಬ್ರೇಕಿನ ಮೇಲೆ. ಸುಮ್ಮನೆ ಓಡುವಾಗಲೂ ಜಗ್ಗಿದರೆ ಮುಂದಿನ ಎರಡು ಚಕ್ರಗಳನ್ನು ಅದಲು ಬದಲು ಮಾಡಿಸಬೇಕು. ಜಗ್ಗುವ ದಿಕ್ಕು ಬದಲಾದರೆ ದೋಷ ಟೈರಿನದು. ಬದಲಾಗದಿದ್ದರೆ ಚಕ್ರದ ಜೋಡಣೆಯಲ್ಲಿ ಇಲ್ಲವೇ ಬಾಗಿದ ಭಾಗದಲ್ಲಿ ಹುಡುಕಬೇಕು. ಓಡಿಸಿ ನಿಲ್ಲಿಸಿದ ನಂತರ ಒಂದೇ ಚಕ್ರದ ಬಳಿ ಹೆಚ್ಚು ಬಿಸಿ ತಟ್ಟಿದರೆ ಆ ಚಕ್ರದ ಬ್ರೇಕ್ ಬಿಡದೆ ಹಿಡಿದಿರಬಹುದು. ಟೈರಿನ ಒಂದೇ ಅಂಚು ಸವೆಯುವುದು, ನಿರ್ದಿಷ್ಟ ವೇಗದಲ್ಲಿ ಸ್ಟಿಯರಿಂಗ್ ನಡುಗುವುದು, ಬಾಗಿಲು ಬಿಗಿಯಾಗುವುದು, ಮಳೆಯ ನೀರು ಒಳಗೆ ಇಳಿಯುವುದು ಇವೆಲ್ಲವೂ ಸೂಚನೆಗಳೇ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದರ ಎಚ್ಚರಿಕೆಯ ದೀಪವು ಚಾಲೂ ಮಾಡಿದಾಗ ಬೆಳಗಿ ಕೆಲವೇ ಕ್ಷಣಗಳಲ್ಲಿ ಆರಬೇಕು. ಆರದಿದ್ದರೆ ಆ ಕಾರನ್ನು ರಸ್ತೆಗೆ ಇಳಿಸುವ ಮೊದಲು ತೋರಿಸಬೇಕು.

ವೀಲ್ ಅಲೈನ್‌ಮೆಂಟ್ ಮಾಡಿಸಲಾಗಿದೆ ಎಂಬ ಬಾಯಿಮಾತು ಸಾಲದು. ಹೊಂದಿಸುವ ಮೊದಲಿನ ಅಳತೆ, ನಂತರದ ಅಳತೆ, ಇರಬೇಕಾದ ಮಿತಿ ಈ ಮೂರೂ ಇರುವ ಮುದ್ರಿತ ಹಾಳೆಯನ್ನು ಕೇಳಿ ಪಡೆಯಬೇಕು. ಹೊಂದಿಸಿದ ಮೇಲೂ ಅಳತೆ ಮಿತಿಯೊಳಗೆ ಬಾರದಿದ್ದರೆ ಯಾವುದೋ ಭಾಗ ಬಾಗಿದೆ ಎಂದು ತಿಳಿಯಬೇಕು. ಬಾಗಿದ ಅಚ್ಚನ್ನು ಅಲೈನ್‌ಮೆಂಟ್ ಸರಿಪಡಿಸಲಾರದು.

ವಿಮೆಯ ದುರಸ್ತಿಯಲ್ಲಿ ಇನ್ನೂ ಎರಡು ಎಚ್ಚರಗಳು ಅಗತ್ಯ. ಬಿಚ್ಚಿದ ನಂತರ ಹೊಸ ಹಾನಿ ಕಂಡುಬಂದರೆ, ಅದನ್ನು ಸರಿಪಡಿಸುವ ಮೊದಲೇ ಛಾಯಾಚಿತ್ರ ತೆಗೆದು ವಿಮಾ ಕಂಪನಿಗೂ ಸರ್ವೇಯರಿಗೂ ತಿಳಿಸಬೇಕು. ಕೆಲಸ ತೃಪ್ತಿಕರವಾಗಿದೆ ಎಂಬ ಪತ್ರಕ್ಕೆ ಪರೀಕ್ಷಾರ್ಥ ಓಡಾಟ ಮುಗಿಯುವವರೆಗೆ ಸಹಿ ಹಾಕಬಾರದು. ವಾಹನವನ್ನು ಒಯ್ಯಲೇಬೇಕಾದ ಸಂದರ್ಭದಲ್ಲಿ, ಉಳಿದಿರುವ ದೋಷವನ್ನು ಅದೇ ಪತ್ರದಲ್ಲಿ ಬರೆದು ಸಹಿ ಮಾಡಬೇಕು. ಡಿಕ್ಕಿಗೆ ಮುಂಚೆ ಪಡೆದ ಅರ್ಹತಾ ಪತ್ರದ ಅವಧಿ ಮುಗಿದಿಲ್ಲ ಎಂಬುದು ಡಿಕ್ಕಿಯ ನಂತರದ ಸುಸ್ಥಿತಿಗೆ ಸಾಕ್ಷಿಯಾಗದು.

ಬರವಣಿಗೆಯ ಬೆಲೆಯನ್ನು ಈ ಊರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯಡಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕಣಗಿನಹಾಳದ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಹತ್ತು ಜನರ ಹಣ ಒಂದೆಡೆ ಸೇರಿದಾಗ ನಂಬಿಕೆಯನ್ನು ಕಾಯುವುದು ಲೆಕ್ಕದ ಪುಸ್ತಕ. ಪಂಚಾಯತಿಯ ವಾಹನವೂ ಹತ್ತು ಜನರ ಆಸ್ತಿಯೇ. ಆದುದರಿಂದ ಅದರ ಲಾಗ್ ಪುಸ್ತಕದಲ್ಲಿ ದೋಷ ಕಂಡ ದಿನಾಂಕ, ಓಡಿದ ಕಿಲೋಮೀಟರ್, ಚಾಲಕಿ ಹೇಳಿದ ಮಾತು, ಗ್ಯಾರೇಜಿನ ಉತ್ತರ ಇವು ಅಂದಂದೇ ದಾಖಲಾಗಬೇಕು.

ದೋಷ ಮರುಕಳಿಸಿದರೆ ಮೊದಲು ಗ್ಯಾರೇಜಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಫಲ ಸಿಗದಿದ್ದರೆ, ಸ್ವಂತ ಬಳಕೆಯ ವಾಹನವುಳ್ಳವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ದಾರಿ ಇದೆ. ಸೇವಾ ನ್ಯೂನತೆಯ ದೂರನ್ನು ದೂರಿಗೆ ಕಾರಣ ಉಂಟಾದ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಸಲ್ಲಿಸಬೇಕು. ಸೇವೆಗೆ ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಪಂಚಾಯತಿಯ ವಾಹನದ ವಿಷಯದಲ್ಲಿ ಮೇಲಧಿಕಾರಿಗಳ ಮೂಲಕ ಕಾನೂನು ಸಲಹೆ ಪಡೆದು ಮುಂದುವರಿಯುವುದು ಸೂಕ್ತ.

ಪ್ರತಿಯೊಂದು ಪಂಚಾಯತಿಯು ಮುಂದಿನ ಸಾಮಾನ್ಯ ಸಭೆಯಲ್ಲಿ ಒಂದು ಠರಾವು ಮಾಡಿಕೊಳ್ಳಬಹುದು: ಡಿಕ್ಕಿಯ ದುರಸ್ತಿಯಿಂದ ಬಂದ ವಾಹನವನ್ನು ಚಾಲಕಿಯೇ ಓಡಿಸಿ ನೋಡಿ, ಸರಿಯಿದೆ ಎಂದು ಲಾಗ್ ಪುಸ್ತಕದಲ್ಲಿ ಬರೆಯುವವರೆಗೆ ಅದು ಓಣಿಗೆ ಇಳಿಯಬಾರದು, ಬಿಲ್ಲೂ ಪಾವತಿಯಾಗಬಾರದು. ಸ್ಟಿಯರಿಂಗ್ ಹಿಡಿಯುವ ಕೈಗೆ ತಿಳಿದದ್ದು ಸಹಿ ಹಾಕುವ ಕೈಗೂ ತಿಳಿಯಬೇಕು.