ಮಗು ಜೊತೆ ಹೊರಗೆ ಹೋಗೋಣ



ಇವತ್ತು ನಾವು ಮಗು ಎತ್ಕೊಂಡು ಊರು ಸುತ್ತೋ ಮಾತು ಆಡೋಣ. ನಗಬೇಡಿ. ಇದೂ ಮಾತಾಡಬೇಕಾದ ವಿಷಯವೇ.

ನಮ್ಮ ಮನೇಲಿ ನಾವು ಮೂರು ಜನ. ಗಂಡ, ಹೆಂಡತಿ, ಒಂದು ವರ್ಷದ ಮಗು. ಹೊಸಕೋಟೆಯಲ್ಲಿ ಬಾಡಿಗೆ ಮನೆ. ಭಾನುವಾರ ಬಂದರೆ ನಾವು ಎಲ್ಲಿಗಾದರೂ ಹೊರಡುತ್ತೇವೆ. "ಇಷ್ಟು ಚಿಕ್ಕ ಕೂಸು ಕಟ್ಕೊಂಡು ಎಲ್ಲಿಗಮ್ಮಾ?" ಅಂತ ಬೀದಿಯವರು ಕೇಳ್ತಾರೆ. ಅದೇ ಕೂಸನ್ನು ಸೊಂಟದ ಮೇಲೆ ಇಟ್ಕೊಂಡು ನೀರಿಗೆ ಹೋದರೆ ಯಾರೂ ಕೇಳಲ್ಲ. ಕಳೆ ಕೀಳೋಕೆ ಹೋದರೂ ಕೇಳಲ್ಲ. ಕೆಲಸಕ್ಕೆ ಹೋದರೆ ಸರಿ, ಸಂತೋಷಕ್ಕೆ ಹೋದರೆ ತಪ್ಪು. ಇದು ಯಾವ ನ್ಯಾಯ?

ಬಾಣಂತನ ಮುಗಿಸಿದ ಹೆಣ್ಣಿಗೆ ಗಾಳಿ ಬೇಕು, ಬೆಳಕು ಬೇಕು. ನಾಲ್ಕು ಜನರ ಮುಖ ಕಾಣಬೇಕು. ಹೆತ್ತ ಮೇಲೆ ಕೆಲವರಿಗೆ ಮನಸ್ಸು ಕುಗ್ಗುತ್ತೆ. ಸುಮ್ಮಸುಮ್ಮನೆ ಅಳು ಬರುತ್ತೆ. ಅದಕ್ಕೆ "ಗಾಳಿ ಸೋಕಿದೆ" ಅಂತಾರೆ. ಎಷ್ಟೋ ಸಲ ಆ ತಾಯಿಗೆ ಗಾಳಿ ಸೋಕದೆ ಇರೋದೇ ತೊಂದರೆ! ಎರಡು ವಾರ ಕಳೆದರೂ ಮನಸ್ಸು ಹಗುರ ಆಗದಿದ್ದರೆ ಡಾಕ್ಟರಿಗೆ ಹೇಳಬೇಕು. ಅದರಲ್ಲಿ ನಾಚಿಕೆ ಇಲ್ಲ.

ಮಗುವಿನ ಮೊದಲ ಪ್ರಯಾಣ ಚುಚ್ಚುಮದ್ದಿಗೆ. ಹುಟ್ಟಿದಾಗ ಕೊಡೋದು ಆಸ್ಪತ್ರೆಯಲ್ಲೇ ಆಗುತ್ತೆ. ಆಮೇಲೆ ಒಂದೂವರೆ ತಿಂಗಳಿಗೆ, ಎರಡೂವರೆ ತಿಂಗಳಿಗೆ, ಮೂರೂವರೆ ತಿಂಗಳಿಗೆ. ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರದ ಚುಚ್ಚುಮದ್ದು. ಇದೆಲ್ಲ ತಾಯಿ ಕಾರ್ಡಿನಲ್ಲಿ ಬರೆದಿರುತ್ತೆ. ಈಗ ನಿಮಗೆ ಅಂಕಿ ಓದೋಕೆ ಬರುತ್ತೆ. ಆಶಾ ಕಾರ್ಯಕರ್ತೆ ಬಂದು ಹೇಳಲಿ ಅಂತ ಕಾಯಬೇಡಿ. ಮುಂದಿನ ತಾರೀಖು ಯಾವುದು ಅಂತ ನೀವೇ ಓದಿ. ಗೋಡೆ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಒಂದು ಸೊನ್ನೆ ಸುತ್ತಿ.

ನಮ್ಮ ಊರಿನ ದೊಡ್ಡ ಕೆರೆ ಇದೆಯಲ್ಲ, ನಮಗೆ ಅದೇ ಪಾರ್ಕು. ಸಂಜೆ ಬಿಸಿಲು ಇಳಿದ ಮೇಲೆ ಹೋಗ್ತೀವಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ ಬಂದಿರ್ತಾವೆ. ಅವುಗಳನ್ನು ನೋಡೋಕೆ ಬೆಂಗಳೂರಿಂದ ದುರ್ಬೀನು ತಗೊಂಡು ಬರೋರಿದ್ದಾರೆ. ನಮಗೆ ಬಸ್ ಚಾರ್ಜೂ ಬೇಡ. ನಮ್ಮ ಮಗು ಕೊಕ್ಕರೆ ಕಂಡರೆ ಎರಡೂ ಕೈ ಬಡಿಯುತ್ತೆ. ಒಂದು ಮಾತು ನೆನಪಿರಲಿ. ನಡೆಯೋ ಮಗುವನ್ನು ನೀರಿನ ಹತ್ತಿರ ಒಂದು ಗಳಿಗೆಯೂ ಬಿಡಬಾರದು. ದೊಡ್ಡ ಮಕ್ಕಳ ಕೈಗೆ ಕೊಟ್ಟು ಹರಟೆ ಹೊಡೆಯಲೂಬಾರದು.

ಅವಿಮುಕ್ತೇಶ್ವರನ ತೇರಿಗೂ ನಾವು ಹೋಗ್ತೀವಿ. ಜನ ನುಗ್ಗೋ ಕಡೆ ನಿಲ್ಲಲ್ಲ, ದೂರದಿಂದ ಕೈ ಮುಗೀತೀವಿ. ಒಂದು ಚೀಟಿಯಲ್ಲಿ ಅಪ್ಪ ಅಮ್ಮನ ಹೆಸರು, ಊರು, ಫೋನ್ ನಂಬರು ಬರೆದು ಮಗುವಿನ ಅಂಗಿಯ ಒಳಜೇಬಿಗೆ ಹಾಕ್ತೀವಿ. ಮಾತು ಬಾರದ ಮಗುವಿಗೆ ಆ ಚೀಟಿಯೇ ಬಾಯಿ. ನಿಮ್ಮ ಕೈಬರಹ ಸೊಟ್ಟ ಇದ್ದರೂ ಪರವಾಗಿಲ್ಲ, ನಂಬರು ಸರಿ ಇದ್ದರೆ ಸಾಕು.

ಈಗ ಬಸ್ಸಿನ ವಿಚಾರ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಕರ್ನಾಟಕದ ಹೆಂಗಸರು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲದೆ ಹೋಗಬಹುದು. ಆಧಾರ್ ಕಾರ್ಡು ತೋರಿಸಬೇಕು, ಸೊನ್ನೆ ಟಿಕೆಟ್ ಕೇಳಿ ಪಡೀಬೇಕು. ಏಸಿ ಬಸ್ಸಿಗೆ, ರಾಜಹಂಸಕ್ಕೆ ಇದು ನಡೆಯಲ್ಲ. ರಾಜ್ಯ ದಾಟೋ ಬಸ್ಸಿಗೂ ಇಲ್ಲ. ಮಾಲೂರಿನ ಕಡೆಯ ಚಿಕ್ಕತಿರುಪತಿಗೆ ಹೋದರೆ ನಮಗೆ ಟಿಕೆಟ್ ದುಡ್ಡಿಲ್ಲ. ದೊಡ್ಡ ತಿರುಪತಿಗೆ ಆಂಧ್ರಕ್ಕೆ ಹೋದರೆ ಕೊಡಬೇಕು. ಗಂಡಸರು ಮಾತ್ರ ಎಲ್ಲಿಗೆ ಹೋದರೂ ಕೊಡಬೇಕು. ನಮ್ಮೆಜಮಾನರು ಟಿಕೆಟ್ ತಗೊಳ್ಳುವಾಗ ನಾವು ತಾಯಿ ಮಗು ಮುಖ ಮುಖ ನೋಡ್ಕೊಂಡು ನಗ್ತೀವಿ.

ಹೀಗೆ ನಾವು ಲಾಲ್‌ಬಾಗಿಗೆ ಹೋದೆವು. ಹೈದರಾಲಿ 1760ರಲ್ಲಿ ಶುರು ಮಾಡಿಸಿದ ತೋಟ ಅದು. ಅಲ್ಲಿಯ ಬಂಡೆಗೆ ಮುನ್ನೂರು ಕೋಟಿ ವರ್ಷ ವಯಸ್ಸು ಅಂತ ಬಲ್ಲವರು ಹೇಳ್ತಾರೆ. ನಮ್ಮ ಮಗುವಿಗೆ ಬಂಡೆ ಬೇಡ, ಗಾಜಿನ ಮನೆ ಬೇಡ. ಹುಲ್ಲು ಕಿತ್ತು ಬಾಯಿಗಿಡೋದೇ ಕೆಲಸ. ಮರದ ನೆರಳಲ್ಲಿ ಸೀರೆ ಹಾಸಿ ಮೂರೂ ಜನ ಮಲಗಿದೆವು. ಆಗಸ್ಟ್ 15ರ ಹತ್ತಿರ, ಜನವರಿ 26ರ ಹತ್ತಿರ ಅಲ್ಲಿ ಹೂವಿನ ಪ್ರದರ್ಶನ ಇರುತ್ತೆ. ಕೈಕೂಸು ಇರೋರು ಆ ದಿನ ಹೋಗದಿರೋದೇ ಮೇಲು. ಹೂವು ಕಾಣಲ್ಲ, ಬೆನ್ನುಗಳೇ ಕಾಣೋದು.

ಬೈಕಿನ ಮಾತು ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಅಪ್ಪ ಮುಂದೆ, ಅಮ್ಮ ಹಿಂದೆ, ಮಧ್ಯೆ ಕೂಸು. ಕೆಲವರು ಕೂಸನ್ನು ಟ್ಯಾಂಕಿನ ಮೇಲೇ ಕೂರಿಸ್ತಾರೆ. ನಮ್ಮದು ಕೋಲಾರದ ಹೆದ್ದಾರಿ. ಹಗಲು ರಾತ್ರಿ ಲಾರಿ. ಬ್ರೇಕು ಹಾಕಿದರೆ ಕೂಸು ಹಾರಿಹೋಗುತ್ತೆ, ತಾಯಿಯ ಕೈ ಬಲ ಅದನ್ನು ತಡೆಯಲ್ಲ. 2023ರ ಫೆಬ್ರವರಿಯಿಂದ ಒಂದು ಕಾನೂನು ಬಂದಿದೆ. ನಾಲ್ಕು ವರ್ಷದೊಳಗಿನ ಮಗುವನ್ನು ಬೈಕ್ ಓಡಿಸುವವರಿಗೆ ಪಟ್ಟಿಯಿಂದ ಬಿಗಿದಿರಬೇಕು. ಒಂಬತ್ತು ತಿಂಗಳು ದಾಟಿದ ಮಗುವಿಗೆ ಅದರ ಅಳತೆಯ ಹೆಲ್ಮೆಟ್ ಬೇಕು. 40 ಕಿಲೋಮೀಟರಿಗಿಂತ ಜೋರಾಗಿ ಓಡಿಸಬಾರದು. ಪೊಲೀಸರು ಹಿಡಿದರೂ ಅಷ್ಟೇ, ಹಿಡಿಯದಿದ್ದರೂ ಅಷ್ಟೇ. ನಮ್ಮ ಅಭಿಪ್ರಾಯ ಕೇಳಿದರೆ, ಹೆದ್ದಾರಿಗೆ ಬೈಕೇ ಬೇಡ, ಬಸ್ಸು ಹತ್ತಿ. ಸೆರಗು, ವೇಲು ಚಕ್ರಕ್ಕೆ ಸಿಕ್ಕಿ ಬಿದ್ದವರನ್ನು ನೀವೂ ನೋಡಿದ್ದೀರಿ.

ಬಸ್ಸಿನಲ್ಲಿ ಮಗು ಹಸಿದು ಅತ್ತರೆ ಕಿಟಕಿ ಕಡೆ ಕೂತು, ಸೆರಗು ಮುಚ್ಚಿ ಹಾಲು ಕೊಡಿ. ನೋಡೋರು ನೋಡಲಿ. ನಾಚಿಕೆ ಅವರದು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ಬೇಸಿಗೆಯಲ್ಲೂ ನೀರು ಬೇಡ. ನೀರು ತಾಯಿ ಕುಡೀಬೇಕು. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ, ಮೆದ್ದ ಬಾಳೆಹಣ್ಣು ಕೊಡಬಹುದು. ನಮ್ಮ ಚೀಲದಲ್ಲಿ ನಾಲ್ಕು ಬಟ್ಟೆ, ಕಾಯಿಸಿ ಆರಿಸಿದ ನೀರು, ಒಂದು ಓಆರ್‌ಎಸ್ ಪೊಟ್ಟಣ ಯಾವಾಗಲೂ ಇರುತ್ತೆ. ಭೇದಿ ಆದರೆ ಇಡೀ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಹಾಕಿ ಚಮಚದಲ್ಲಿ ಕುಡಿಸಬೇಕು. ಅರ್ಧ ಪೊಟ್ಟಣ, ಒಂದು ಲೋಟ ಅನ್ನೋ ಲೆಕ್ಕ ಬೇಡ. ಅಳತೆ ಪೊಟ್ಟಣದ ಮೇಲೇ ಅಚ್ಚಾಗಿರುತ್ತೆ, ಓದಿ ನೋಡಿ. ಚಿಕ್ಕ ಕೂಸಾದರೆ ಎದೆಹಾಲು ನಿಲ್ಲಿಸಬಾರದು. ಕಣ್ಣು ಗುಳಿ ಬಿದ್ದರೆ, ಉಚ್ಚೆ ನಿಂತರೆ, ಮಗು ಸೊರಗಿ ಕುಡಿಯದೆ ಹೋದರೆ 108ಕ್ಕೆ ಫೋನ್ ಮಾಡಿ.

ಮಗು ಎತ್ಕೊಳ್ಳೋದು ಯಾರು? ನಮ್ಮಲ್ಲಿ ಹೋಗುವಾಗ ಅಪ್ಪ, ಬರುವಾಗ ಅಮ್ಮ. ಮೊದಮೊದಲು ಬಸ್ ಸ್ಟ್ಯಾಂಡಿನಲ್ಲಿ ಗೆಳೆಯರು ಚುಡಾಯಿಸ್ತಿದ್ದರು, "ಏನೋ, ಹೆಂಡತಿ ಕೆಲಸ ನೀನು ಮಾಡ್ತೀಯಾ?" ಅಂತ. ನಮ್ಮೆಜಮಾನರು, "ಮಗು ಇಬ್ಬರದೂ ಅಲ್ವೇನಪ್ಪ" ಅಂದರು. ಆಗಿನಿಂದ ಆ ಗೆಳೆಯರಲ್ಲಿ ಒಬ್ಬರು ತಮ್ಮ ಮಗಳನ್ನು ಹೆಗಲ ಮೇಲೆ ಕೂರಿಸ್ಕೊಂಡು ಸಂತೆಗೆ ಬರ್ತಾರೆ.

ಬರೋ ಭಾನುವಾರ ಸಂಜೆ ನಾಲ್ಕು ಗಂಟೆಗೆ ನಾವೆಲ್ಲ ಸೇರಿ ಕೆರೆ ಏರಿಗೆ ಹೋಗೋಣ. ಮಕ್ಕಳನ್ನು ಕರ್ಕೊಂಡು ಬನ್ನಿ. ಗಂಡಂದಿರು ಬಂದರೆ ಅವರೂ ಬರಲಿ. ಅಂಗಿ ಜೇಬಿನ ಚೀಟಿ ಬರೆದು ತನ್ನಿ, ತಪ್ಪಿದ್ದರೆ ಅಲ್ಲೇ ತಿದ್ದೋಣ. ಮಳೆ ಬಂದರೆ ಇಲ್ಲೇ ಕೂತು ತಾಯಿ ಕಾರ್ಡು ಓದೋಣ.