ಅಪ್ಪನ ಕೈಬರಹ

(ಚಿಮ್ಮನಚೋಡದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕವಿತೆ ಓದ್ರಿ ಅಂತ ನನ್ನನ್ನ ಕರೆದಿರಿ. ಇವತ್ತು ಕವಿತೆ ತಂದಿಲ್ಲ. ಒಂದು ಕಾಗದ ತಂದೀನಿ. ಅದರ ಸಂಗತಿ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮಪ್ಪ ಪೊಲೀಸ್ ಇದ್ದ. ಈ ಮಾತನ್ನು ಸಂಘಟನೆಯ ಸಭೆಗಳಲ್ಲಿ ನಾನು ಬಹಳ ದಿವಸ ಬಾಯಿಬಿಟ್ಟು ಹೇಳಿರಲಿಲ್ಲ. ಲಾಠಿ, ಬೂಟು, ಖಾಕಿ ಅಂತ ನಾನೂ ಪದ್ಯ ಕಟ್ಟಿದವನೇ. ಮುಂಜಾನೆ ಎದ್ದು ಅದೇ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದವನೂ ನಾನೇ. ನಮ್ಮ ಹಾಡುಗಳಲ್ಲಿ ಪೊಲೀಸ್ ಅಂದರೆ ಜಮೀನ್ದಾರನ ಬಾಗಿಲಲ್ಲಿ ಕಟ್ಟಿದ ನಾಯಿ. ಹಾಡು ಮುಗಿಸಿ ಮನೆಗೆ ಹೋದರೆ, ಆ ನಾಯಿ ಅನ್ನಿಸಿಕೊಂಡವನು ನನಗಾಗಿ ರೊಟ್ಟಿ ಮುಚ್ಚಿಟ್ಟು ಕೂತಿರುತ್ತಿದ್ದ.

ಅಪ್ಪ 1984ರಲ್ಲಿ ಪೇದೆಯಾಗಿ ಸೇರಿದ. 2021ರಲ್ಲಿ ಎ.ಎಸ್.ಐ. ಆಗಿ ನಿವೃತ್ತನಾದ. ಮರುವರ್ಷ ತೀರಿಕೊಂಡ. ಅವನು ಎಂಥ ಪೊಲೀಸ್ ಇದ್ದ ಅಂತ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಠಾಣೆಯ ಮಾತು ಆಡುತ್ತಿರಲಿಲ್ಲ. 'ಬಂದೋಬಸ್ತಿಗೆ ಹೋಗಿದ್ದೆ' ಅಂದರೆ ಮುಗೀತು. ಯಾರ ಬಂದೋಬಸ್ತು, ಯಾರಿಂದ ಯಾರನ್ನು ಕಾಯೋ ಬಂದೋಬಸ್ತು, ಅದು ಇಲ್ಲ.

ಅವನ ಅಪ್ಪನಿಂದ, ಅಂದರೆ ನಮ್ಮ ಮುತ್ಯಾನಿಂದ ಶುರು ಮಾಡಬೇಕು. ನಿಜಾಮನ ಕಾಲದಲ್ಲಿ ನಮ್ಮ ಕಡೆ ಊರಿಗೆ ಇಬ್ಬರು ಪಾಟೀಲರು: ಕಂದಾಯ ನೋಡೋ ಮಾಲಿ ಪಾಟೀಲ, ಊರ ಕಾವಲು ನೋಡೋ ಪೊಲೀಸ್ ಪಾಟೀಲ. ಊರಾಗ ಕಳವಾಗಲಿ, ಹೆಣ ಬೀಳಲಿ, ಪಾಟೀಲ ಚೀಟಿ ಬರೆಯೋದು, ಮುತ್ಯಾ ಅದನ್ನು ತಲೆಯ ಮುಂಡಾಸದಾಗ ಸಿಗಿಸಿಕೊಂಡು ಠಾಣಾಕ್ಕೆ ನಡೆಯೋದು. ಮಳೆಗಾಲದಾಗ ಮುಲ್ಲಾಮಾರಿ ತುಂಬಿ ಹರಿಯುತ್ತಿದ್ದರೂ ನಡೆಯೋದು. ಅಲ್ಲಿ ಮೆಟ್ಟಿಲ ಕೆಳಗ ನಿಲ್ಲೋದು. ಚೀಟಿ ಕೈಗೆ ಕೊಡಂಗಿಲ್ಲ, ನೆಲದ ಮ್ಯಾಲ ಇಡಬೇಕು. 1948ರ ಸೆಪ್ಟೆಂಬರಿನಲ್ಲಿ ನಿಜಾಮಶಾಹಿ ಹೋಯಿತು, 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, 1961ರ ಕಾನೂನು ಊರ ವತನಗಳನ್ನೇ ತೆಗೆದು ಹಾಕಿತು. ಮುತ್ಯಾನ ಬಾಯಾಗ ಮಾತ್ರ ಸಬ್ ಇನ್ಸ್‌ಪೆಕ್ಟರ್ ಸಾಯೋತನಕ 'ಅಮೀನಸಾಬ'ನೇ ಆಗಿದ್ದ.

ಆ ಮೆಟ್ಟಿಲು ಹತ್ತಿ ಒಳಗೆ ಕುರ್ಚಿಯ ಮೇಲೆ ಕೂತವನು ನಮ್ಮಪ್ಪ. ಇದನ್ನು ಸಣ್ಣ ಮಾತು ಅನ್ನಬ್ಯಾಡ್ರಿ. 1928ರಲ್ಲಿ ಸೈಮನ್ ಕಮಿಷನ್ನಿಗೆ ಬಹಿಷ್ಕೃತ ಹಿತಕಾರಿಣಿ ಸಭಾದ ಪರವಾಗಿ ಬಾಬಾಸಾಹೇಬರು ಕೊಟ್ಟ ಹೇಳಿಕೆಯಲ್ಲಿ, ಸೈನ್ಯಕ್ಕೂ ಪೊಲೀಸಿಗೂ ನಮ್ಮವರನ್ನು ಅಡ್ಡಿಯಿಲ್ಲದೆ ಸೇರಿಸಿಕೊಳ್ಳಬೇಕು ಅನ್ನೋ ಬೇಡಿಕೆ ಇತ್ತು. ಸ್ವತಃ ಸುಬೇದಾರನ ಮಗ ಅವರು. ಸಮವಸ್ತ್ರ ಅಂದರೆ ಏನು ಅಂತ ಅವರಿಗೆ ಗೊತ್ತಿತ್ತು. ಅಪ್ಪ ಮೊದಲ ಸಲ ಡ್ರೆಸ್ ಹಾಕಿಕೊಂಡು ಊರಿಗೆ ಬಂದ ದಿನ ಪಾಟೀಲರ ಕಟ್ಟೆಯ ಮುಂದೆ ಹಾದುಹೋಗೋಕೆ ಅಂತಲೇ ಸುತ್ತುಹಾಕಿ ಬಂದಿದ್ದನಂತೆ. ಅವ್ವ ಹೇಳ್ತಾಳೆ. ಕಟ್ಟೆಯ ಮ್ಯಾಲಿದ್ದವರು 'ಏ' ಅನ್ನೋದು ಬಿಟ್ಟು 'ಏನಪಾ ಜವಾನ' ಅಂದರಂತೆ. 'ರೀ' ಅನ್ನಲಿಲ್ಲ. ಅದು ಬ್ಯಾರೆ ಮಾತು.

ಅಪ್ಪ ಸತ್ತ ಮೇಲೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಒಂದು ಕಚೇರಿ 'ವೈಯಕ್ತಿಕ ಮಾಹಿತಿ, 8(1)(ಜೆ)' ಅಂತ ಬರೆದು ಕಳಿಸಿತು. ನೌಕರನ ಸೇವಾ ದಾಖಲೆ ವೈಯಕ್ತಿಕ ಅಂತ 2012ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಆ ತೀರ್ಪು ಅವರಿಗೆ ಬಾಯಿಪಾಠ. ಇನ್ನೊಂದು ಕಚೇರಿ, ಆ ವರ್ಷಗಳ ಠಾಣಾ ದಿನಚರಿ ಅವಧಿ ಮೀರಿದ್ದರಿಂದ ನಾಶಪಡಿಸಲಾಗಿದೆ ಅಂತು. ಕೊನೆಗೆ ಅವ್ವ ವಾರಸುದಾರಳಾಗಿ, ಮರಣಪತ್ರ ಹಿಡಿದುಕೊಂಡು ನಾಲ್ಕು ಸಲ ಅಲೆದ ಮೇಲೆ ಸೇವಾ ಪುಸ್ತಕದ ಝೆರಾಕ್ಸ್ ಸಿಕ್ಕಿತು. ಅಪ್ಪ ಮೂವತ್ತೇಳು ವರ್ಷ ಕಾಗದ ಬರೆದ ಇಲಾಖೆಯಿಂದ ಅವನದೇ ಕಾಗದ ತರೋಕೆ ಅವ್ವನ ಚಪ್ಪಲಿ ಸವೆದವು.

ಸೇವಾ ಪುಸ್ತಕ ನೀವು ಯಾರಾದರೂ ನೋಡಿದ್ದೀರೋ ಇಲ್ಲೋ. ಮೊದಲ ಪುಟದಲ್ಲಿ ಹೆಸರು, ಜಾತಿ, ಎತ್ತರ, ಮೈಮೇಲಿನ ಗುರುತು. 'ಎಡ ಹುಬ್ಬಿನ ಮೇಲೆ ಗಾಯದ ಕಲೆ' ಅಂತ ಬರೆದಿದೆ. ಆ ಕಲೆ ಹೆಂಗಾಯಿತು ಅಂತ ಬರೆಯೋಕೆ ಅಲ್ಲಿ ಕಾಲಂ ಇಲ್ಲ. ಹತ್ತು ವರ್ಷದ ಹುಡುಗ ಗೌಡರ ಬಾವಿಯೊಳಗೆ ಈಜಬಿದ್ದದ್ದಕ್ಕೆ ಬಂದ ಕಲ್ಲಿನ ಗುರುತು ಅದು. ಜಾತಿ ಒಂದು ಸಾಲಿನಲ್ಲಿ ಇದೆ, ಗಾಯ ಇನ್ನೊಂದು ಸಾಲಿನಲ್ಲಿ ಇದೆ, ನಡುವೆ ಒಂದು ಗೆರೆ. ಮುಂದೆಲ್ಲ ವರ್ಗಾವಣೆ, ರಜೆ, ವೇತನ ಬಡ್ತಿ, ಹತ್ತಿಪ್ಪತ್ತು ರೂಪಾಯಿಯ ಬಹುಮಾನ.

1996ರಲ್ಲಿ ಒಂದು ವೇತನ ಬಡ್ತಿ ತಡೆಹಿಡಿದದ್ದು ಕಂಡಿತು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಅಪ್ಪ ಯಾವುದೋ ಅನ್ಯಾಯದ ಹುಕುಂ ಒಲ್ಲೆ ಅಂದಿರಬೇಕು, ಶಿಕ್ಷೆ ಉಂಡಿರಬೇಕು ಅಂತ ಒಂದು ವಾರ ಎದೆ ಉಬ್ಬಿಸಿಕೊಂಡು ಅಡ್ಡಾಡಿದೆ. ಪದ್ಯದ ಎರಡು ಸಾಲೂ ಬರೆದಿದ್ದೆ. ಮುಂದಿನ ಪುಟ ತಿರುವಿದರೆ ಕಾರಣ ಇತ್ತು: ತಂಗಿಯ ಮದುವೆಗೆ ರಜೆ ಹಾಕಿ ಹೋದವನು ಒಂಬತ್ತು ದಿವಸ ಹೆಚ್ಚಿಗೆ ಉಳಿದಿದ್ದ. ಆ ಎರಡು ಸಾಲು ಹರಿದು ಹಾಕಿದೆ.

ಅದೇ ವರ್ಷದ ಇನ್ನೊಂದು ಕಾಗದ ಬೇರೆ ಕಡೆಯಿಂದ ಬಂತು. ನಮ್ಮ ಹಿರಿಯ ಕಾರ್ಯಕರ್ತರೊಬ್ಬರು ಹಳೆಯ ಕರಪತ್ರಗಳನ್ನು ಗೋಣಿಚೀಲದಲ್ಲಿ ಕಟ್ಟಿ ಇಟ್ಟಿದ್ದಾರೆ. ಸರ್ಕಾರ ನಾಶಪಡಿಸಿದ್ದು ಆ ಚೀಲದಾಗ ಉಳಿದಿತ್ತು. 1996ರ ಒಂದು ಕರಪತ್ರ ಸಿಕ್ಕಿತು. ಒಂದು ಹಳ್ಳಿಯ ಹೋಟೆಲಿನಲ್ಲಿ ನಮ್ಮ ಹುಡುಗ ಎಲ್ಲರ ಲೋಟದಲ್ಲಿ ಚಹಾ ಕುಡಿದ ಅಂತ ಹೊಡೆದದ್ದು, ಬಿಡಿಸಲು ಬಂದ ತಾಯಿಯ ಸೆರಗು ಎಳೆದದ್ದು, ಪೊಲೀಸರು ಕೇಸು ದಾಖಲಿಸದೆ ರಾಜಿ ಮಾಡಿಸಿ ಕಳಿಸಿದ್ದು, ಎಲ್ಲ ಅದರಲ್ಲಿ ಇತ್ತು. ಠಾಣೆಯ ಹೆಸರು, ತಿಂಗಳು ಇದ್ದವು. ಸೇವಾ ಪುಸ್ತಕ ತೆಗೆದು ನೋಡಿದೆ. ಆ ತಿಂಗಳು ಆ ಠಾಣೆಯಲ್ಲಿ ಅಪ್ಪ ರೈಟರ್.

ಊರ ಹೆಸರು ಇಲ್ಲಿ ಹೇಳಲ್ಲ, ಆ ತಾಯಿ ಇನ್ನೂ ಅಲ್ಲೇ ಬಾಳಬೇಕು. ಹುಡುಕಿಕೊಂಡು ಹೋದೆ. ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಾಗ ರಾಜಿ ಪತ್ರದ ನಕಲು ಇಟ್ಟುಕೊಂಡಿದ್ದಳು. ಬಿಡಿಸಿದ ಕೂಡಲೇ ಗುರುತು ಸಿಕ್ಕಿತು. ನನಗೆ ಪಾಟಿಯ ಮೇಲೆ ಅಕ್ಷರ ತಿದ್ದಿಸಿದ ಕೈ ಅದು. 'ಳ'ದ ಬಾಲ ಕೆಳಗಿನ ಸಾಲಿನತನಕ ಇಳಿಯುತ್ತಿತ್ತು. ಉಭಯ ಪಕ್ಷದವರು ಹಿರಿಯರ ಸಮಕ್ಷಮ ರಾಜಿಯಾಗಿದ್ದು, ತಪ್ಪು ತಿಳುವಳಿಕೆಯಿಂದ ಅರ್ಜಿ ಕೊಟ್ಟಿದ್ದು, ಮುಂದೆ ತಕರಾರು ಇರುವುದಿಲ್ಲ ಅಂತ ಒಂದು ಕಾಟೂ ಇಲ್ಲದೆ, ಮುತ್ತು ಪೋಣಿಸಿದ ಹಾಗೆ ಬರೆದಿದ್ದ. ಕೆಳಗೆ ಅವಳ ಹೆಬ್ಬೆಟ್ಟು.

ಆಕೆ ಹೇಳಿದ್ದನ್ನ ಹಂಗೇ ಹೇಳ್ತೀನಿ. 'ಬರದಾಂವ ನಮ್ಮಾಂವ ಅಂತ ಮೊದಲ ಗೊತ್ತಿದ್ದಿಲ್ಲಪ. ಹೊರಗ ಬಂದು ನೀರು ಕೇಳಿದ. ನಾ ಒಯ್ದಿದ್ದ ತಂಬಗಿ ಹಿಡಕೊಂಡು ಕೊಡಬೇಕೋ ಬ್ಯಾಡೋ ಅಂತ ನಿಂತೆ. ಕೊಡಬೇ ಯಕ್ಕಾ, ನಾನೂ ನಿಮ್ಮಾಂವೇ ಅಂದ. ಕುಡದ. ಒಳಗ ಹೋಗಿ ಬರದ. ಎರಡು ಸಲ ಓದಿ ಹೇಳಿದ. ಎರಡನೇ ಸಲ ಭಾಳ ಸಾವಕಾಶ ಓದಿದ. ತಿಳೀತೇನು ಅಂದ. ತಿಳೀತು ಅಂದೆ. ನನಗೇನೂ ತಿಳದಿದ್ದಿಲ್ಲ.'

ಎರಡನೇ ಸಲ ಯಾಕೆ ಸಾವಕಾಶ ಓದಿದ? ಒಲ್ಲೆ ಅನ್ನು ತಾಯೀ ಅಂತಲೋ, ಸಾಹೇಬರು ಓದಿ ಹೇಳು ಅಂದದ್ದಕ್ಕೋ? ಕೇಳೋಕೆ ಅಪ್ಪ ಇಲ್ಲ.

'ನಮ್ಮಪ್ಪನ ಮ್ಯಾಲ ಸಿಟ್ಟದ ಏನು ಆಯಿ' ಅಂದೆ. 'ಹೊಡದಾವರ ಮ್ಯಾಲ ಅದ. ನಿಮ್ಮಪ್ಪನ ಮ್ಯಾಲ ಇಲ್ಲ ಅಂತ ಹೇಳ್ಲಾಕ ನಾ ಏನು ನಿನ್ನ ಕರದಿದ್ದಿಲ್ಲ. ಚಾ ಕುಡದು ಹೋಗು' ಅಂದಳು. ಕುಡಿದೆ.

ಕಾನೂನು ಆಗ ಇರಲಿಲ್ಲವಾ ಅಂದರೆ ಇತ್ತು. 1989ರ ದೌರ್ಜನ್ಯ ತಡೆ ಕಾಯ್ದೆ 1990ರ ಜನವರಿ 30ರಿಂದ ಜಾರಿಯಲ್ಲಿತ್ತು. ಅದರ ನಿಯಮಗಳು 1995ರಲ್ಲಿ ಬಂದಿದ್ದವು. ತನಿಖೆ ಡಿವೈಎಸ್ಪಿಗಿಂತ ಕೆಳಗಿನವರು ಮಾಡುವಂತಿಲ್ಲ. ಆದರೆ ಕೇಸೇ ಹುಟ್ಟದ ಹಾಗೆ ಕತ್ತು ಹಿಸುಕೋ ಕೆಲಸ ಠಾಣೆಯ ಮೇಜಿನ ಮೇಲೇ ಆಗುತ್ತದೆ. ಅದಕ್ಕೆ ಡಿವೈಎಸ್ಪಿ ಬೇಡ, ಒಂದು ಪೆನ್ನು ಸಾಕು. ಅದೇ ನಿಯಮಗಳ 13ನೆಯದು, ಪೊಲೀಸ್ ಪಡೆಯ ಎಲ್ಲ ಹಂತದಲ್ಲಿ, ಅದರಲ್ಲೂ ಠಾಣೆಯ ಮಟ್ಟದಲ್ಲಿ, ಪರಿಶಿಷ್ಟರು ಸಾಕಷ್ಟು ಇರುವಂತೆ ಸರ್ಕಾರ ನೋಡಿಕೊಳ್ಳಬೇಕು ಅನ್ನುತ್ತದೆ. ಆ ಠಾಣೆಯಲ್ಲಿ ನಮ್ಮವರು ಎಷ್ಟು ಮಂದಿ? ನಮ್ಮಪ್ಪ ಒಬ್ಬ. ಆ ಒಬ್ಬನ ಕೈಯಿಂದಲೇ ಬರೆಸಿದರು. 'ನಿಮ್ಮವನೇ ಬರೆದಾನಲ್ಲ' ಅನ್ನೋಕೆ ಅನುಕೂಲ.

ಇನ್ನೊಂದು ಸಂಗತಿ ಓದಿ ನಾನು ಬೆಚ್ಚಿದೆ. ಆ ಕಾಯ್ದೆಯ 4ನೇ ಕಲಂ ಕರ್ತವ್ಯ ಮರೆತ ಸರ್ಕಾರಿ ನೌಕರನಿಗೆ ಶಿಕ್ಷೆ ಹೇಳುತ್ತದೆ. ಆದರೆ ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದ ನೌಕರನಿಗೆ ಮಾತ್ರ. ಅಂದರೆ ನಮ್ಮಪ್ಪ ಆ ಕಲಮಿನಡಿ ಅಪರಾಧಿ ಆಗಲು ಸಾಧ್ಯವೇ ಇಲ್ಲ. ಕಾನೂನು ಅವನನ್ನು ಬಿಟ್ಟಿದೆ. ನಾನು ಬಿಡಬೇಕೋ ಬೇಡವೋ ಅನ್ನೋದು ನನ್ನ ತಲೆಮೇಲೆ ಬಿದ್ದಿದೆ.

ಹೊಟ್ಟೆಪಾಡು ಅಂದುಬಿಟ್ಟರೆ ಸುಲಭ. ಅದು ಅರ್ಧ ಖರೆ. ಪೊಲೀಸರಿಗೆ ಸಂಘ ಕಟ್ಟುವ ಹಕ್ಕಿಗೆ 1966ರ ಕಾನೂನು ಬೇಡಿ ಹಾಕಿದೆ. 2016ರ ಜೂನ್‌ನಲ್ಲಿ ಕರ್ನಾಟಕದ ಪೊಲೀಸರು ಸಾಮೂಹಿಕ ರಜೆಗೆ ಕರೆ ಕೊಟ್ಟಾಗ ಮುಂದಾಳನ್ನೇ ಹಿಡಿದು ಒಳಗೆ ಹಾಕಿದರು. ಅಪ್ಪ ಆ ದಿನ ತಪ್ಪದೆ ಡ್ಯೂಟಿಗೆ ಹೋದ. ಹೋಗುವಾಗ ಟೋಪಿ ಎರಡು ಸಲ ತೆಗೆದು ಹಾಕಿಕೊಂಡದ್ದು ನನಗೆ ನೆನಪಿದೆ.

ಮ್ಯಾಲೆ ನಮ್ಮವರಿದ್ದರೆ ಎಲ್ಲ ಸರಿಹೋಗ್ತದ ಅನ್ನೋ ಮಾತಿಗೂ ನನ್ನ ಬಳಿ ಉತ್ತರ ಇಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟಾಗ ರಾಜ್ಯದ ಗೃಹಮಂತ್ರಿ ನಮ್ಮ ಭಾಗದ ಮಲ್ಲಿಕಾರ್ಜುನ ಖರ್ಗೆಯವರೇ. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆದರೆ ಕೊಪ್ಪಳದ ಮರಕುಂಬಿಯನ್ನೂ ನೋಡ್ರಿ. 2014ರಲ್ಲಿ ಗುಡಿಸಲು ಸುಟ್ಟ ಕೇಸು, 2024ರ ಅಕ್ಟೋಬರಿನಲ್ಲಿ 98 ಮಂದಿಗೆ ಜೀವಾವಧಿ. ಹತ್ತು ವರ್ಷ ಆ ಕೇಸಿನ ಕಾಗದ ಸಾಯಲಿಲ್ಲ. ಎಲ್ಲೋ ಒಬ್ಬ ರೈಟರ್ ಮೊದಲ ದಿನ ಇದ್ದದ್ದು ಇದ್ದಂಗ ಬರೆದಿರಬೇಕು ಅಂತ ನಾನು ಅಂದುಕೊಳ್ತೀನಿ.

ಅಪ್ಪನ ಟ್ರಂಕಿನ ತಳದಾಗ ಬೆಲ್ಟು, ಸೀಟಿಯ ದಾರ, ಒಂದು ಪತ್ರಿಕೆಯ ತುಣುಕು ಇದ್ದವು. 1997ರ ಜುಲೈನದು. ಮುಂಬೈಯ ರಮಾಬಾಯಿ ನಗರದಲ್ಲಿ ಬಾಬಾಸಾಹೇಬರ ಪ್ರತಿಮೆಗೆ ಚಪ್ಪಲಿಹಾರ ಹಾಕಿದ್ದನ್ನು ಕೇಳೋಕೆ ಬೀದಿಗೆ ಬಂದವರ ಮೇಲೆ ಪೊಲೀಸರು ಗುಂಡು ಹಾರಿಸಿ ಹತ್ತು ಮಂದಿಯನ್ನು ಕೊಂದ ಸುದ್ದಿ. ನಾಲ್ಕು ದಿನಕ್ಕೆ ಶಾಹೀರ ವಿಲಾಸ ಘೋಗ್ರೆ ಆ ಸಂಕಟದಲ್ಲೇ ಜೀವ ತೆಗೆದುಕೊಂಡರು. ಅಪ್ಪ ಯಾಕೆ ಕತ್ತರಿಸಿ ಇಟ್ಟುಕೊಂಡ ಅಂತ ಅವ್ವನಿಗೂ ಗೊತ್ತಿಲ್ಲ. ಅದರ ಮೇಲೆ ಅವನ ಅಕ್ಷರ ಒಂದೂ ಇಲ್ಲ. ಅಷ್ಟು ಬರೆದವನು ಅಲ್ಲಿ ಏನೂ ಬರೆದಿಲ್ಲ.

ನಿಮ್ಮಲ್ಲಿ ಪಿ.ಸಿ., ಪಿ.ಎಸ್.ಐ. ಪರೀಕ್ಷೆಗೆ ಓದುವವರು ಬಹಳ ಮಂದಿ ಇದ್ದೀರಿ. 545 ಪಿ.ಎಸ್.ಐ. ಹುದ್ದೆಗಳ 2021ರ ಪರೀಕ್ಷೆ ನಮ್ಮ ಕಲಬುರಗಿಯಲ್ಲೇ ಹೆಂಗ ಮಾರಾಟವಾಯಿತು, 2022ರಲ್ಲಿ ರದ್ದಾಗಿ 2024ರ ಜನವರಿಯಲ್ಲಿ ಮತ್ತೆ ಬರೆಯಬೇಕಾಯಿತು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹೋಗಬ್ಯಾಡ್ರಿ ಅಂತ ನಾ ಹೇಳಲ್ಲ. ಓದೋ ಪುಸ್ತಕದ ಜೊತೆಗೆ ಇಷ್ಟು ಸೇರಿಸಿಕೊಳ್ರಿ: ಗಂಭೀರ ಅಪರಾಧದ ದೂರು ಬಂದರೆ ಎಫ್.ಐ.ಆರ್. ಬರೆಯಲೇಬೇಕು ಅಂತ 2013ರ ಲಲಿತಾ ಕುಮಾರಿ ತೀರ್ಪು. ದೌರ್ಜನ್ಯದ ದೂರಿಗೆ ಮುಂಚಿತ ವಿಚಾರಣೆ ಬೇಕಿಲ್ಲ ಅಂತ 2018ರಲ್ಲಿ ಸೇರಿಸಿದ 18-ಎ ಕಲಂ. ಬರೆದದ್ದನ್ನು ದೂರುದಾರರಿಗೆ ಓದಿ ಹೇಳಿಯೇ ಸಹಿ ತಗೋಬೇಕು, ನಕಲು ಕೊಡಬೇಕು ಅಂತ 2015ರ ತಿದ್ದುಪಡಿ. ಓದಿ ಹೇಳೋ ಕೆಲಸ ಅಪ್ಪ ಮೊದಲೇ ಮಾಡಿದ್ದ. ಅವನು ಓದಿದ ಕಾಗದವೇ ಬೇರೆ ಇತ್ತು.

ನಕಲನ್ನು ಆ ಆಯಿ ನನಗೆ ಒಂದು ತಿಂಗಳ ಮಟ್ಟಿಗೆ ಕೊಟ್ಟಿದ್ದಾಳೆ, ವಾಪಸ್ ಮುಟ್ಟಿಸಬೇಕು. ನೋಡಬೇಕು ಅನ್ನೋರು ಸಭೆ ಮುಗಿದ ಮೇಲೆ ಮುಂದೆ ಬರ್ರಿ. ಮಡಚಿದ ಕಡೆ ಹರಿಯಾಕ ಬಂದದ, ಹುಷಾರಿಂದ ಹಿಡೀರಿ.

ಜೈ ಭೀಮ್.