ಅಕ್ಕನ ಸಕ್ಕರೆಯ ಲೆಕ್ಕ

ನಮ್ಮ ಮನೆಗೆ ಬಂದ ನೆಂಟರು ಕಾಫಿ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಇನ್ನೇನು ಹೊರಡಬೇಕು ಎನ್ನುವ ಹೊತ್ತಿಗೆ ಒಂದು ಮಾತು ಕೇಳುತ್ತಾರೆ: "ನಿಮ್ಮಲ್ಲಿ ಶುಗರ್ ನೋಡೋ ಮಿಷನ್ ಇದೆಯಂತಲ್ಲ, ನಂದೂ ಒಂದು ಸಲ ನೋಡಿಬಿಡಿ." ಅವರ ದೃಷ್ಟಿಯಲ್ಲಿ ಇದು ತೂಕದ ಯಂತ್ರದ ಮೇಲೆ ಹತ್ತಿ ಇಳಿದಂತೆ. ಯಂತ್ರ ಸವೆಯುವುದಿಲ್ಲ, ಮನೆಯವರಿಗೆ ನಷ್ಟವಿಲ್ಲ. ನನ್ನ ಅಕ್ಕ ಈ ಕೋರಿಕೆಗೆ ಒಮ್ಮೆಯೂ ಇಲ್ಲವೆಂದವಳಲ್ಲ. ಹೊಸ ಸೂಜಿ ಹಾಕಿ, ಸಣ್ಣ ಡಬ್ಬಿಯ ಮುಚ್ಚಳ ತೆಗೆದು, ಒಂದು ಪಟ್ಟಿಯನ್ನು ಯಂತ್ರದ ಬಾಯಿಗೆ ಕೊಟ್ಟು, ಬಂದವರ ಬೆರಳನ್ನು ತಾನೇ ಒತ್ತಿ ಹನಿ ರಕ್ತ ತೆಗೆದು, ಐದಾರು ಸೆಕೆಂಡಿನಲ್ಲಿ ಅಂಕಿಯನ್ನು ಓದಿ ಹೇಳುತ್ತಾಳೆ. ಅವರು ಸಂತೋಷದಿಂದಲೋ ಚಿಂತೆಯಿಂದಲೋ ಹೊರಟುಹೋಗುತ್ತಾರೆ. ಹೋದ ಮೇಲೆ ಅಕ್ಕ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾಳೆ. ಒಳಗೆ ಎಷ್ಟು ಉಳಿದಿವೆಯೆಂಬುದನ್ನು ಸದ್ದಿನಿಂದಲೇ ಅಂದಾಜು ಮಾಡುವ ವಿದ್ಯೆ ಆಕೆಗೆ ಕರಗತವಾಗಿದೆ. ನಾನು ಈ ದಿನ ಶ್ರೋತೃಗಳೊಡನೆ ಮಾತನಾಡಹೊರಟಿರುವುದು ಆ ಡಬ್ಬಿಯೊಳಗಿನ ಪಟ್ಟಿಗಳನ್ನು ಕುರಿತು. ಇಂಗ್ಲಿಷ್ ಬಲ್ಲವರೂ ಬಾರದವರೂ ಅವನ್ನು ಸ್ಟ್ರಿಪ್ ಎಂದೇ ಕರೆಯುತ್ತಾರೆ.

ಸಕ್ಕರೆ ಕಾಯಿಲೆಯೊಡನೆ ನಮ್ಮ ಮನೆತನದ ನಂಟು ಹಳೆಯದು. ನಮ್ಮ ತಂದೆಯವರಿಗೂ ಅದಿತ್ತು. ಆಗಿನ ಪರೀಕ್ಷೆ ನಡೆಯುತ್ತಿದ್ದುದು ಬಚ್ಚಲಮನೆಯ ಕಟ್ಟೆಯ ಮೇಲೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಬೆನೆಡಿಕ್ಟ್ ಎಂಬ ರಸಾಯನಶಾಸ್ತ್ರಜ್ಞ ರೂಪಿಸಿದ ನೀಲಿ ದ್ರಾವಣವೊಂದು ಸೀಸೆಯಲ್ಲಿರುತ್ತಿತ್ತು. ನಮ್ಮ ಕಡೆ ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಹೊಡೆಯಲು ಬಳಸುವ ಮೈಲುತುತ್ತವೇ ಅದರ ಬಣ್ಣಕ್ಕೂ ಮೂಲ. ಗಾಜಿನ ಕೊಳವೆಯಲ್ಲಿ 5 ಮಿಲಿಲೀಟರ್ ದ್ರಾವಣ, ಅದಕ್ಕೆ 8 ಹನಿ ಮೂತ್ರ. ಸ್ಪಿರಿಟ್ ದೀಪದ ಮೇಲೆ ಕುದಿಸಿದರೆ ಬಣ್ಣ ಮಾತನಾಡುತ್ತಿತ್ತು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ತುಸು ಇದೆ, ಹಳದಿಯಾದರೆ ಇನ್ನಷ್ಟು, ಇಟ್ಟಿಗೆಯ ಕೆಂಪಿಗೆ ತಿರುಗಿದರೆ ಆ ದಿನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುವಂತಿರಲಿಲ್ಲ. ಕೊಳವೆಯನ್ನು ಬೆಳಕಿಗೆ ಹಿಡಿದು, "ಅಪ್ಪಯ್ಯಾ, ಇವತ್ತು ಹಸಿರು" ಎಂದು ಕೂಗಿ ಹೇಳುವ ಕೆಲಸ ಅಕ್ಕನದು. ಮುಂದೊಂದು ದಿನ ಆ ಬಣ್ಣ ತನ್ನದೇ ಆಗುವುದೆಂದು ಆಗ ಆಕೆಗೆ ತಿಳಿಯುವಂತಿರಲಿಲ್ಲ.

ಆ ಪರೀಕ್ಷೆಗೆ ಖರ್ಚೆಂಬುದು ಇರಲಿಲ್ಲವೆಂದೇ ಹೇಳಬೇಕು. ಆದರೆ ಅದಕ್ಕೊಂದು ಕುರುಡಿತ್ತು. ರಕ್ತದಲ್ಲಿ ಸಕ್ಕರೆಯ ಪ್ರಮಾಣ ಸಾಮಾನ್ಯವಾಗಿ 180ರ ಆಸುಪಾಸನ್ನು ದಾಟಿದ ಮೇಲೆಯೇ ಅದು ಮೂತ್ರಕ್ಕೆ ಇಳಿಯುವುದು. ಆದ್ದರಿಂದ ರಕ್ತದಲ್ಲಿ 150 ಇದ್ದರೂ ಕೊಳವೆ ನೀಲಿ, 50 ಇದ್ದರೂ ನೀಲಿ. ಇನ್ಸುಲಿನ್ ಚುಚ್ಚಿಸಿಕೊಳ್ಳುವವರಿಗೆ ಒಡನೆಯೇ ಪ್ರಾಣಭಯವಿರುವುದು ಸಕ್ಕರೆ ಏರಿದಾಗ ಮಾತ್ರವಲ್ಲ, ಇಳಿದಾಗಲೂ. ಆ ಇಳಿತವನ್ನು ಬೆನೆಡಿಕ್ಟನ ದ್ರಾವಣ ಕಾಣಲಾರದು. 1965ರಲ್ಲಿ ಅಮೆರಿಕದ ಏಮ್ಸ್ ಎಂಬ ಕಂಪೆನಿ ರಕ್ತವನ್ನೇ ಪರೀಕ್ಷಿಸುವ ಡೆಕ್ಸ್ಟ್ರೊಸ್ಟಿಕ್ಸ್ ಎಂಬ ಕಾಗದದ ಪಟ್ಟಿಯನ್ನು ತಂದಿತು. ಹನಿ ರಕ್ತ ಹಾಕಿ, ಒಂದು ನಿಮಿಷ ಕಾದು, ನೀರಿನಿಂದ ತೊಳೆದು, ಬಣ್ಣವನ್ನು ಪಟದೊಡನೆ ಹೋಲಿಸಿ ನೋಡಬೇಕಾಗಿತ್ತು. ಬಣ್ಣದ ಬದಲು ವಿದ್ಯುತ್ತನ್ನು ಅಳೆಯುವ, ಪೆನ್ನಿನಷ್ಟು ಚಿಕ್ಕ ಉಪಕರಣ ಮಾರುಕಟ್ಟೆಗೆ ಬಂದುದು 1987ರಲ್ಲಿ. ಇಂದು ಮನೆಮನೆಗಳಲ್ಲಿರುವುದು ಅದರ ಸಂತತಿ.

ಬೆರಳಿನ ಉಗುರಿಗಿಂತ ಅಗಲವಿಲ್ಲದ ಈ ಪಟ್ಟಿಯನ್ನು ನಾನು ಭೂತಗನ್ನಡಿಯಲ್ಲಿ ನೋಡಿದ್ದೇನೆ. ತುದಿಯಲ್ಲಿ ಕೂದಲೆಳೆಯಂಥ ಒಂದು ಕಾಲುವೆ. ರಕ್ತ ತಾನಾಗಿಯೇ ಅದರೊಳಕ್ಕೆ ಏರುತ್ತದೆ. ಒಳಗೆ ಲೇಪಿಸಿರುವುದು ಒಂದು ಕಿಣ್ವ. ಹಲವು ಪಟ್ಟಿಗಳಲ್ಲಿ ಅದು ಒಂದು ಜಾತಿಯ ಬೂಷ್ಟಿನಿಂದ ತೆಗೆದ ಗ್ಲೂಕೋಸ್ ಆಕ್ಸಿಡೇಸ್. ಈ ಕಿಣ್ವವು ರಕ್ತದ ಸಕ್ಕರೆಯೊಡನೆ ವರ್ತಿಸಿದಾಗ ಹುಟ್ಟುವ ಅತ್ಯಲ್ಪ ವಿದ್ಯುತ್ತನ್ನು ಯಂತ್ರ ಅಳೆದು ಅಂಕಿಯಾಗಿ ತೋರಿಸುತ್ತದೆ. ಒಂದು ಕಂಪೆನಿಯ ಪಟ್ಟಿಗೂ ಇನ್ನೊಂದರ ಪಟ್ಟಿಗೂ ಲೇಪ ಬೇರೆ, ಅಳತೆಯ ಲೆಕ್ಕ ಬೇರೆ. ಹಾಗಾಗಿ ಆಯಾ ಯಂತ್ರಕ್ಕೆ ಆಯಾ ಪಟ್ಟಿಯೇ ಬೇಕು. ಇದರಲ್ಲಿ ಶಾಸ್ತ್ರವೆಷ್ಟು, ವ್ಯಾಪಾರವೆಷ್ಟು ಎಂಬುದು ಬೇರೆ ಮಾತು. ಯಂತ್ರವನ್ನು ಅಗ್ಗವಾಗಿ, ಕೆಲವೊಮ್ಮೆ ಪುಕ್ಕಟೆಯಾಗಿಯೇ ಕೊಡುತ್ತಾರೆ. ಕುದುರೆಯನ್ನು ದಾನ ಕೊಟ್ಟವನು, ಅದು ತಿನ್ನುವ ಹುರುಳಿಯನ್ನು ಮಾತ್ರ ತನ್ನ ಅಂಗಡಿಯಲ್ಲೇ ಕೊಳ್ಳಬೇಕೆಂದು ಕಟ್ಟು ಮಾಡಿದಂತೆ.

ಆ ಹುರುಳಿಯ ಬೆಲೆಯನ್ನು ಹೇಳುತ್ತೇನೆ. ನಾನು ತರುವ 50 ಪಟ್ಟಿಗಳ ಡಬ್ಬಿಗೆ 1,000 ರೂಪಾಯಿಗೆ ಸಮೀಪ ಬೀಳುತ್ತದೆ, ಎಂದರೆ ಒಂದಕ್ಕೆ 20 ರೂಪಾಯಿ. ದಿನಕ್ಕೆ ಎರಡು ಹೊತ್ತು ನೋಡಿದರೆ ತಿಂಗಳಿಗೆ 1,200 ರೂಪಾಯಿ. ಮುದುಕರ ಬೆರಳು ತಣ್ಣಗಿದ್ದು ಹನಿ ಸಾಲದೆ ಹೋದರೆ ಯಂತ್ರ ತಪ್ಪೆಂದು ಸೂಚಿಸಿ ಸುಮ್ಮನಾಗುತ್ತದೆ. ಆ ಪಟ್ಟಿ ಅಲ್ಲಿಗೆ ಹೋಯಿತು. ಇಷ್ಟು ಮೊತ್ತ ಒಮ್ಮೆಗೇ ಹೊಂದದವರು 25ರ ಡಬ್ಬಿ ಕೊಳ್ಳುತ್ತಾರೆ. ಅದರಲ್ಲಿ ಒಂದೊಂದಕ್ಕೂ ಬೆಲೆ ಹೆಚ್ಚು. ಹಣದ ಜೊತೆಗೆ ಅಲೆದಾಟವೂ ಇದೆ. ನಮ್ಮದು ಸಾಗರದ ಸೀಮೆ. ಒಂದು ಅಂಗಡಿಯಲ್ಲಿ ಕಂಪೆನಿಯ ಹೆಸರು ಸರಿಯಿದ್ದರೆ ಮಾದರಿ ಬೇರೆ, ಇನ್ನೊಂದರಲ್ಲಿ ಮಾದರಿ ಸರಿಯಿದ್ದರೆ ಅವಧಿ ಮುಗಿಯಲು ಒಂದೂವರೆ ತಿಂಗಳು ಉಳಿದಿದೆ. ಎಷ್ಟೋ ಸಲ ಶಿವಮೊಗ್ಗದಲ್ಲಿರುವ ಸೋದರಳಿಯ ಕೊಂಡು, ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳುಹಿಸಿದ್ದಾನೆ. ಫೋನಿನಲ್ಲಿ ತರಿಸಿದರೆ ಬೆಲೆ ಕಡಿಮೆ, ನಿಜ. ಆದರೆ ಬಿಸಿಲಿಗೂ ತೇವಕ್ಕೂ ಕೆಡುವ ಆ ವಸ್ತು ದಾರಿಯಲ್ಲಿ ಯಾವ ಗೋದಾಮಿನಲ್ಲಿ ಎಷ್ಟು ದಿನ ಬೆಂದು ಬಂತೋ!

ತೇವದ ವಿಷಯ ಬಂದುದರಿಂದ ಇನ್ನೊಂದು ಮಾತು. ಜಡಿಮಳೆಯಲ್ಲಿ ಹಪ್ಪಳವೇ ಗರಿಗರಿಯಾಗಿ ಉಳಿಯದ ಊರು ನಮ್ಮದು. ಡಬ್ಬಿಯ ಮುಚ್ಚಳವನ್ನು ಒಂದು ಸಲ ತೆಗೆದ ಮೇಲೆ ಮೂರು ತಿಂಗಳೊಳಗೆ ಬಳಸಿ ಮುಗಿಸಬೇಕೆಂದು ಅನೇಕ ಕಂಪೆನಿಗಳು ಡಬ್ಬಿಯ ಮೇಲೆ ಅಚ್ಚು ಹಾಕಿರುತ್ತವೆ. ಧಾರಾಳವಾಗಿ ಖರ್ಚು ಮಾಡುವವರಿಗೆ ಈ ನಿಯಮ ತಟ್ಟುವುದೇ ಇಲ್ಲ. ಬಡತನದಿಂದಲೋ ಸ್ವಭಾವದಿಂದಲೋ ವಾರಕ್ಕೊಂದರಂತೆ ಹಿಡಿದು ಬಳಸುವವರ ಡಬ್ಬಿಯಲ್ಲಿ ಮಾತ್ರ ಅರ್ಧಕ್ಕೂ ಹೆಚ್ಚು ಪಟ್ಟಿಗಳು ಅವಧಿ ಮೀರುತ್ತವೆ.

ನನ್ನ ಅಕ್ಕ ಹಾಗೆ ಹಿಡಿದು ಬಳಸುವವಳು. ಇದು ನನಗೆ ತಿಳಿದ ಬಗೆಯನ್ನು ಹೇಳಬೇಕು.

ಭಾವನವರು ತೀರಿಕೊಂಡ ಮೇಲೆ ಅಕ್ಕ ನಮ್ಮ ಮನೆಯಲ್ಲೇ ಇದ್ದಾಳೆ. ಎಪ್ಪತ್ತೈದು ದಾಟಿದೆ. ಎರಡು ಹೊತ್ತು ಇನ್ಸುಲಿನ್. ಬೆಳಿಗ್ಗೆ ಬರಿಹೊಟ್ಟೆಯಲ್ಲೂ ರಾತ್ರಿ ಊಟಕ್ಕೆ ಮುಂಚೆಯೂ ಸಕ್ಕರೆ ನೋಡಿ ಬರೆದಿಡಬೇಕೆಂದು ಡಾಕ್ಟರು ಹೇಳಿದ್ದರು. ಅಕ್ಕ ಅದಕ್ಕೆಂದೇ ಒಂದು ನೋಟುಪುಸ್ತಕ ಮಾಡಿ, ಗೆರೆ ಎಳೆದು, ದಿನಾಂಕ ಹಾಕಿ, ಮುದ್ದಾದ ಅಕ್ಷರದಲ್ಲಿ ಬರೆಯುತ್ತಿದ್ದಳು. 134, 141, 128, 139. ಡಾಕ್ಟರು ಪುಟ ತಿರುವಿ, "ಬಹಳ ಚೆನ್ನಾಗಿದೆಯಮ್ಮ, ಹೀಗೇ ಇರಲಿ" ಎನ್ನುತ್ತಿದ್ದರು. ಔಷಧದ ಪ್ರಮಾಣವೂ ಹಾಗೆಯೇ ಉಳಿಯಿತು. "ಸ್ಟ್ರಿಪ್ ತರಬೇಕೇನೆ?" ಎಂದು ನಾನು ಕೇಳಿದಾಗಲೆಲ್ಲ, "ಇನ್ನೂ ಇದೆಯೋ, ಈಗೇನು ಅವಸರ?" ಎನ್ನುತ್ತಿದ್ದಳು. ಆ ಉತ್ತರ ನನಗೂ ಹಿತವಾಗಿಯೇ ಇತ್ತೆಂದು ಒಪ್ಪಿಕೊಳ್ಳಬೇಕು.

2023ರ ಮಳೆಗಾಲದ ಒಂದು ರಾತ್ರಿ, ಮೂರು ಗಂಟೆಯಿರಬಹುದು, ಅಕ್ಕನ ಕೋಣೆಯಿಂದ ಏನೋ ಬಿದ್ದ ಸದ್ದಾಯಿತು. ನಾನೂ ನನ್ನ ಹೆಂಡತಿಯೂ ಹೋಗಿ ನೋಡಿದರೆ ಆಕೆ ಮಂಚದ ಕೆಳಗೆ ಕುಳಿತಿದ್ದಾಳೆ. ಆ ಚಳಿಯಲ್ಲೂ ಸೀರೆಯೆಲ್ಲ ಬೆವರಿನಿಂದ ತೊಯ್ದಿದೆ. ನನ್ನನ್ನು ನೋಡಿ, "ಅಪ್ಪಯ್ಯಾ, ಕೊಳವೆ ಎಲ್ಲಿಟ್ಟೆ?" ಎಂದಳು. ತಂದೆ ತೀರಿಕೊಂಡು ನಲವತ್ತು ವರ್ಷಗಳಾಗಿದ್ದುವು. ನನ್ನ ಹೆಂಡತಿಯ ಕೈ ನಡುಗಲಿಲ್ಲ, ನನ್ನದು ನಡುಗಿತು. ಆಕೆಯೇ ಬೆರಳು ಚುಚ್ಚಿ ನೋಡಿದಳು. ಯಂತ್ರ 46 ಎಂದಿತು. ಅದು ನಿಖರವೋ ಅಲ್ಲವೋ, ಸಕ್ಕರೆಯ ನೀರನ್ನು ಗುಟುಕು ಗುಟುಕಾಗಿ ಕುಡಿಸಲು ಅಷ್ಟು ಸಾಕಾಯಿತು. ಕಾಲು ಗಂಟೆ ಕಳೆದ ಮೇಲೆ ಅಕ್ಕ ನನ್ನ ಹೆಸರು ಹಿಡಿದು ಕರೆದಳು.

ಬೆಳಿಗ್ಗೆ ನೋಟುಪುಸ್ತಕವನ್ನೂ ಯಂತ್ರವನ್ನೂ ಹಿಡಿದುಕೊಂಡು ಡಾಕ್ಟರ ಬಳಿಗೆ ಹೋದೆವು. ಅವರು ಪುಸ್ತಕ ನೋಡಿ ಹುಬ್ಬುಗಂಟಿಕ್ಕಿದರು. ಅನಂತರ ಯಂತ್ರದ ಗುಂಡಿಯನ್ನು ಒತ್ತುತ್ತ ಹೋದರು. ಅದಕ್ಕೆ ನೆನಪಿನ ಶಕ್ತಿ ಇರುತ್ತದೆ, ನೋಡಿದ ಅಂಕಿಗಳನ್ನೆಲ್ಲ ತಾರೀಖಿನೊಡನೆ ಇಟ್ಟುಕೊಂಡಿರುತ್ತದೆ. ನನಗಾಗಲಿ ಅಕ್ಕನಿಗಾಗಲಿ ಇದು ಗೊತ್ತಿರಲಿಲ್ಲ. ಪುಸ್ತಕದಲ್ಲಿ ಯುಗಾದಿಯಿಂದ ಈಚೆಗೆ ಇನ್ನೂರೈವತ್ತಕ್ಕೂ ಮೇಲ್ಪಟ್ಟು ಅಂಕಿಗಳಿದ್ದುವು. ಯಂತ್ರದಲ್ಲಿದ್ದುವು ಹತ್ತೊಂಬತ್ತು. ಅವುಗಳಲ್ಲೂ ಏಳೆಂಟು ನೆಂಟರವು. ಯುಗಾದಿಯ ಹೋಳಿಗೆ ಊಟ ಮಾಡಿ ಬೆರಳು ನೀಡಿದ ಬಂಧುವೊಬ್ಬರ 288 ಅಲ್ಲಿ ಹಾಗೆಯೇ ಕುಳಿತಿತ್ತು. ಅಕ್ಕನದೇ ಆದ ಬೆಳಗಿನ ಅಂಕಿಗಳು ಒಂದಕ್ಕಿಂತ ಒಂದು ಕೆಳಗಿದ್ದುವು. ವಯಸ್ಸಾದಂತೆ ಆಕೆಯ ಊಟ ಕಡಿಮೆಯಾಗಿತ್ತು, ರಾತ್ರಿಯ ಇನ್ಸುಲಿನ್ ಮಾತ್ರ ಕಡಿಮೆಯಾಗಿರಲಿಲ್ಲ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಯುಗಾದಿಗೆ ತಂದ ಒಂದೇ ಡಬ್ಬಿಯ 50 ಪಟ್ಟಿಗಳಿಂದ ಐದು ತಿಂಗಳು ಎರಡು ಹೊತ್ತು ಪರೀಕ್ಷೆ ನಡೆಯುವುದು ಹೇಗೆಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅಥವಾ ಹೊಳೆಯಲು ನಾನು ಬಿಡಲಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಅಕ್ಕ ತಾನಾಗಿಯೇ ಮಾತು ತೆಗೆದಳು. "ಬೆಳಿಗ್ಗೆ ಎದ್ದಾಗ ಮೈ ಹೇಗಿದೆ ಅಂತ ನನಗೇ ಗೊತ್ತಾಗ್ತದೋ. ಅದಕ್ಕೆ ಇಪ್ಪತ್ತು ರೂಪಾಯಿ ಯಾಕೆ ಸುಡಬೇಕು ಅಂತ ಬಿಟ್ಟೆ. ಡಾಕ್ಟರಿಗೆ ಬೇಜಾರಾಗಬಾರದು ಅಂತ ನೂರಮೂವತ್ತರ ಹತ್ತಿರ ಹತ್ತಿರ ಬರೀತಿದ್ದೆ." ಮೈಯ ಆ ಸೂಚನೆಯೇ ನಂಬಲಾಗದ್ದೆಂದು ಡಾಕ್ಟರು ವಿವರಿಸಿದ್ದರು. ಅನೇಕ ವರ್ಷ ಈ ಕಾಯಿಲೆಯೊಡನೆ ಬಾಳಿದವರಲ್ಲಿ, ಸಕ್ಕರೆ ಇಳಿಯುವಾಗ ಬರಬೇಕಾದ ನಡುಕ, ಎದೆಬಡಿತ ಮುಂತಾದ ಎಚ್ಚರಿಕೆಗಳು ಮಂದವಾಗಿಬಿಡುತ್ತವೆಯಂತೆ. ಅಕ್ಕ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, "ಭಾವನ ಪಿಂಚಣಿ ನನ್ನ ಔಷಧಕ್ಕೇ ಸಾಲದು. ಮಿಕ್ಕಿದ್ದು ನಿನ್ನ ಕೈಯಿಂದ ಹೋಗ್ತದೆ. ನಿನ್ನ ಹೆಂಡತಿ ಏನೂ ಅನ್ನೋದಿಲ್ಲ, ಅದು ಬೇರೆ" ಎಂದಳು. ನನ್ನ ಹೆಂಡತಿ ಮುಂದಿನ ಸೀಟಿನಲ್ಲೇ ಕುಳಿತಿದ್ದಳು.

ಇದು ನಮ್ಮ ಮನೆಯೊಂದರ ಕಥೆಯಾಗಿದ್ದರೆ ಬಾನುಲಿಯಲ್ಲಿ ಹೇಳುವ ಅಗತ್ಯವಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಜನರಿಗೆ ಮಧುಮೇಹವಿದೆ. ಅವರೆಲ್ಲರಿಗೂ ನಿತ್ಯ ಪರೀಕ್ಷೆ ಬೇಕಿಲ್ಲ. ಮಾತ್ರೆಗಳಲ್ಲೇ ಹತೋಟಿಯಲ್ಲಿರುವ ಎಷ್ಟೋ ಮಂದಿಗೆ ಆಗಾಗ ಪ್ರಯೋಗಶಾಲೆಗೆ ಹೋಗಿಬಂದರೆ ಸಾಕು. ಇನ್ಸುಲಿನ್ ತೆಗೆದುಕೊಳ್ಳುವವರ ಮಾತು ಬೇರೆ. ಇಂಗ್ಲೆಂಡಿನಲ್ಲಿ ಅಂಥವರಿಗೆ ವೈದ್ಯರ ಚೀಟಿಯ ಮೇಲೆ ಈ ಪಟ್ಟಿಗಳು ಪುಕ್ಕಟೆ ದೊರೆಯುತ್ತವೆ. ನಮ್ಮಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಬೆರಳು ಚುಚ್ಚಿ ನೋಡುತ್ತಾರೆ, ಒಳ್ಳೆಯದೇ. ಆದರೆ ರಾತ್ರಿ ಮೂರು ಗಂಟೆಗೆ ಬೇಕಾಗುವ ಪಟ್ಟಿ ಮನೆಯಲ್ಲಿರಬೇಕಷ್ಟೆ. ಆರೋಗ್ಯ ವಿಮೆ ಸಾಮಾನ್ಯವಾಗಿ ಕಣ್ಣು ತೆರೆಯುವುದು ಆಸ್ಪತ್ರೆಗೆ ಸೇರಿದ ಮೇಲೆ.

ಏನೂ ಆಗಿಲ್ಲವೆಂದಲ್ಲ. ದೇಶದಲ್ಲೇ ರೂಪಿಸಿದ ಅಗ್ಗದ ಯಂತ್ರ ಮತ್ತು ಪಟ್ಟಿಗಳನ್ನು 2014ರಲ್ಲಿ ಕೇಂದ್ರದ ಆರೋಗ್ಯ ಸಚಿವರು ಬಿಡುಗಡೆ ಮಾಡಿದರು. ನಮ್ಮ ಪೇಟೆಯ ಅಂಗಡಿಗಳಲ್ಲಿ ನಾನು ಅವನ್ನು ಕೇಳಿದ್ದೇನೆ, ಕಂಡಿಲ್ಲ. 2021ರ ಜುಲೈಯಲ್ಲಿ ಸರ್ಕಾರ ಐದು ವೈದ್ಯಕೀಯ ಉಪಕರಣಗಳ ಮೇಲೆ ವ್ಯಾಪಾರಿಗಳು ಇಡಬಹುದಾದ ಲಾಭಕ್ಕೆ ನೂರಕ್ಕೆ 70ರ ಮಿತಿ ಹಾಕಿತು. ಆ ಪಟ್ಟಿಯಲ್ಲಿ ಗ್ಲೂಕೋಮೀಟರಿನ ಹೆಸರಿತ್ತು. ಕುದುರೆಯ ಬೆಲೆ ಇಳಿಯಿತೆಂದು ನಾವು ಸಂತೋಷಪಟ್ಟೆವು. 2025ರ ಸೆಪ್ಟೆಂಬರ್ 22ರಿಂದ ಪಟ್ಟಿಗಳ ಮೇಲಿನ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ಇದು ಹುರುಳಿಗೇ ಸಂಬಂಧಿಸಿದ್ದು. ಸಾವಿರದ ಡಬ್ಬಿಯಲ್ಲಿ ಅರವತ್ತು ರೂಪಾಯಿಯಷ್ಟು ಉಳಿಯಬೇಕು, ಎಂದರೆ ಮೂರು ಪಟ್ಟಿ. ಮೂರೂ ನೆಂಟರಿಗಾಯಿತೆಂದು ನನ್ನ ಹೆಂಡತಿ ನಕ್ಕಳು.

ಆ ರಾತ್ರಿಯಾದ ಮರುವರ್ಷ ಹಳೆಯ ಯಂತ್ರದ ಪಟ್ಟಿ ಬರುವುದೇ ನಿಂತಿತು. "ಆ ಮಾಡೆಲ್ ಹೋಯ್ತು ಮೇಷ್ಟ್ರೇ, ಹೊಸ ಮಿಷನ್ ತಗೊಳ್ಳಿ. ಎರಡು ಡಬ್ಬಿ ಸ್ಟ್ರಿಪ್ ತಗೊಂಡರೆ ಮಿಷನ್ ಫ್ರೀ" ಎಂದು ಅಂಗಡಿಯವರು ಹೇಳಿದರು. ಹೊಸದು ಬಂತು. ಹಳೆಯ ಡಬ್ಬಿಯಲ್ಲಿ ಉಳಿದಿದ್ದ ಆರು ಪಟ್ಟಿಗಳು ಯಾವುದಕ್ಕೂ ಹೊಂದದೆ ಹೋದುವು. ಅಕ್ಕ ಅವನ್ನು ಎಸೆದಿಲ್ಲವೆಂದು ನನ್ನ ಗುಮಾನಿ.

ಈಗ ಡಬ್ಬಿಯ ಲೆಕ್ಕ ನನ್ನದು. ಮುಚ್ಚಳ ತೆಗೆದ ತಾರೀಖನ್ನು ಅದರ ಮೇಲೆ ಬರೆಯುತ್ತೇನೆ. ತಿಂಗಳ ಕೊನೆಗೆ ಯಂತ್ರದ ಗುಂಡಿ ಒತ್ತಿ ನೋಟುಪುಸ್ತಕದೊಡನೆ ತಾಳೆ ನೋಡುತ್ತೇನೆ. ಅಕ್ಕನಿಗೆ ಇದು ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಯಂತೆ ಕಾಣುತ್ತದೆ, ಸಹಿಸಿಕೊಂಡಿದ್ದಾಳೆ. ಕಳೆದ ತಿಂಗಳು ತಾಳೆ ನೋಡಿದಾಗ ಪಟ್ಟಿಗಳು ನಾಲ್ಕು ಹೆಚ್ಚಾಗಿದ್ದುವು. ಎರಡು ದಿನ ಪರೀಕ್ಷೆ ತಪ್ಪಿದೆ. ಪುಸ್ತಕದಲ್ಲಿಯೂ ಆ ಎರಡು ದಿನದ ಮನೆಗಳು ಖಾಲಿ. ಸುಳ್ಳು ಅಂಕಿ ಬರೆದಿರಲಿಲ್ಲವೆಂಬುದೇ ನನಗೆ ಸಮಾಧಾನ. "ಯಾಕೆ ಅಕ್ಕಾ?" ಎಂದು ಕೇಳಿದೆ. ಆಕೆ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮುಚ್ಚಳವನ್ನು ಅದುಮಿ ಹಾಕಿ ಹೇಳಿದಳು: "ಹಬ್ಬ ಬಂತಲ್ಲೋ. ಯಾರಾದರೂ ಬಂದು ಕೇಳಿದರೆ ಇರಲಿ ಅಂತ."